ಕಾಫಿ ಸೀಮೆಯನ್ನು ತೋಟದೊಳಗಿಂದ ನೋಡುವುದು

ಬೆಳೆ ಬೆಳೆಯುವ ಜಾಗಕ್ಕೇ ಹೋಗಿ, ಬೆಳೆದವರ ಜೊತೆ ಮಾತಾಡಿ, ಅಲ್ಲೇ ಅದರ ರುಚಿ ನೋಡುವ ಪ್ರವಾಸಕ್ಕೆ ಯುರೋಪಿನ ದ್ರಾಕ್ಷಿತೋಟಗಳು ಹೆಸರುವಾಸಿ. ಕರ್ನಾಟಕದಲ್ಲಿ ಅಂಥ ಪ್ರವಾಸಕ್ಕೆ ಎಲ್ಲ ರೀತಿಯಲ್ಲೂ ತಕ್ಕ ನೆಲ ಚಿಕ್ಕಮಗಳೂರು ಜಿಲ್ಲೆಯ ಕಾಫಿ ಸೀಮೆ. ಚಿಕ್ಕಮಗಳೂರಿನಿಂದ ಆಲ್ದೂರಿನ ಕಡೆಗೆ ಹೊರಟರೆ ವಸ್ತಾರೆ ಬರುವ ಹೊತ್ತಿಗೆ ಬಯಲುಸೀಮೆ ಹಿಂದೆ ಉಳಿದಿರುತ್ತದೆ. ರಸ್ತೆಯ ಎರಡೂ ಬದಿಗೆ ಮರಗಳ ಕೆಳಗೆ ಕಾಫಿ, ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿ, ತಗ್ಗಿನಲ್ಲಿ ಗದ್ದೆ. ಅಲ್ಲಿಂದ ಮುಂದೆ ಮೂಡಿಗೆರೆ, ಕೊಟ್ಟಿಗೆಹಾರ, ಕಳಸದವರೆಗೂ ಈ ಸೀಮೆ ಹಬ್ಬಿದೆ. ಉತ್ತರಕ್ಕೆ ಬಾಬಾಬುಡನ್ ಗಿರಿಸಾಲು ಗೋಡೆಯಂತೆ ನಿಂತಿದೆ. ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಇರುವುದೂ ಆ ಸಾಲಿನಲ್ಲೇ.

ಈ ಗಿರಿಗಳಿಗೆ ಪ್ರತಿ ವಾರಾಂತ್ಯ ಸಾವಿರಾರು ಜನ ಬರುತ್ತಾರೆ. ಹೆಚ್ಚಿನವರು ಶಿಖರ ಹತ್ತಿ, ಜಲಪಾತದಲ್ಲಿ ನಿಂತು, ಫೋಟೊ ತೆಗೆದುಕೊಂಡು ಹಿಂತಿರುಗುತ್ತಾರೆ. ಕಾಫಿ ಅವರ ಪಾಲಿಗೆ ಕಾರಿನ ಕಿಟಕಿಯಾಚೆ ಸರಿದುಹೋಗುವ ಹಸಿರು. ಆ ಹಸಿರಿನೊಳಗೆ ಮುನ್ನೂರು ವರ್ಷಗಳ ಇತಿಹಾಸವಿದೆ, ವರ್ಷದ ಹನ್ನೆರಡು ತಿಂಗಳ ದುಡಿಮೆಯಿದೆ. ತೋಟಕ್ಕೆ ಇಳಿಯದವರಿಗೆ ಇವೆರಡೂ ಕಾಣುವುದಿಲ್ಲ.

ದ್ರಾಕ್ಷಿಸೀಮೆಯ ಮಾದರಿ

ಯುರೋಪಿನಲ್ಲಿ ದ್ರಾಕ್ಷಿತೋಟದ ಪ್ರವಾಸ ತಾನಾಗಿ ಬೆಳೆದದ್ದಲ್ಲ. ಜರ್ಮನಿ 1935ರಲ್ಲೇ ದ್ರಾಕ್ಷಿ ಬೆಳೆಯುವ ಊರುಗಳನ್ನು ಪೋಣಿಸಿ ‘ವೈನ್ ರಸ್ತೆ’ಯೊಂದನ್ನು ಗುರುತಿಸಿತು. ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯ 1953ರಲ್ಲಿ ಅಂಥದ್ದೇ ಮಾರ್ಗವನ್ನು ಆರಂಭಿಸಿತು. ಮುಂದೆ ಯುನೆಸ್ಕೊ ಈ ಬೇಸಾಯದ ನೆಲಗಳನ್ನೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸತೊಡಗಿತು. ಫ್ರಾನ್ಸಿನ ಸೇಂಟ್ ಎಮಿಲಿಯಾನ್ 1999ರಲ್ಲಿ, ಪೋರ್ಚುಗಲ್ಲಿನ ಡೋರೊ ಕಣಿವೆ 2001ರಲ್ಲಿ, ಹಂಗೇರಿಯ ಟೊಕಾಯ್ 2002ರಲ್ಲಿ, ಸ್ವಿಟ್ಜರ್ಲೆಂಡಿನ ಲಾವೊ ಇಳಿಜಾರು 2007ರಲ್ಲಿ ಆ ಪಟ್ಟಿಗೆ ಸೇರಿದವು. ಕಾಫಿಗೂ ಈ ಮನ್ನಣೆ ಸಿಕ್ಕಿದೆ: ಕೊಲಂಬಿಯಾದ ಕಾಫಿ ಸೀಮೆ 2011ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು.

ಈ ಪ್ರವಾಸದ ಜೀವಾಳ ತೋಟದ ಹೆಸರು. ವೈನ್ ಬಾಟಲಿಯ ಮೇಲೆ ಊರಿನ, ತೋಟದ ಹೆಸರಿರುತ್ತದೆ. ಕುಡಿದವನಿಗೆ ಆ ತೋಟ ನೋಡಬೇಕೆನಿಸುತ್ತದೆ, ನೋಡಿಬಂದವನು ಮತ್ತೆ ಅದೇ ಹೆಸರನ್ನು ಕೇಳಿ ಕೊಳ್ಳುತ್ತಾನೆ. ಚಿಕ್ಕಮಗಳೂರಿನ ಕಾಫಿಗೆ ಬಹುಕಾಲ ಈ ಭಾಗ್ಯ ಇರಲಿಲ್ಲ. ಅದಕ್ಕೆ ಕಾರಣ ಅದರ ಇತಿಹಾಸದಲ್ಲೇ ಇದೆ.

ಏಳು ಬೀಜದಿಂದ ಇಲ್ಲಿಯವರೆಗೆ

17ನೇ ಶತಮಾನದಲ್ಲಿ ಸೂಫಿ ಸಂತ ಬಾಬಾ ಬುಡನ್ ಯೆಮನ್ ದೇಶದಿಂದ ಏಳು ಕಾಫಿ ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ, ಅಂದರೆ ಇಂದಿನ ಬಾಬಾಬುಡನ್ ಗಿರಿಯಲ್ಲಿ, ಬಿತ್ತಿದರೆಂಬುದು ನಾಡಿನಲ್ಲಿ ನಡೆದುಬಂದ ಐತಿಹ್ಯ. ಆಮೇಲೆ ಬಹುಕಾಲ ಕಾಫಿ ಮನೆಯ ಹಿತ್ತಿಲಿನ ಗಿಡವಾಗಿಯೇ ಇತ್ತು. 19ನೇ ಶತಮಾನದ ಪೂರ್ವಾರ್ಧದಲ್ಲಿ ಥಾಮಸ್ ಕ್ಯಾನನ್ ಮೊದಲಾದ ಬ್ರಿಟಿಷರು ಚಿಕ್ಕಮಗಳೂರಿನ ಸುತ್ತ ವ್ಯಾಪಾರಕ್ಕೆಂದೇ ತೋಟ ಮಾಡಿದರು. ಮಲೆನಾಡಿನ ಗೌಡರು, ಪಟೇಲರೂ ಕಾಡಿನಲ್ಲಿ, ಗದ್ದೆಯ ಮೇಲಣ ದಿಣ್ಣೆಗಳಲ್ಲಿ ಕಾಫಿ ಹಾಕಿದರು.

1860ರ ದಶಕ ದ್ರಾಕ್ಷಿ, ಕಾಫಿ ಎರಡೂ ಬೆಳೆಗಳಿಗೆ ಕೇಡಿನ ಕಾಲ. ಯುರೋಪಿನಲ್ಲಿ ಫಿಲಾಕ್ಸರಾ ಎಂಬ ಹೇನು ದ್ರಾಕ್ಷಿಯ ಬೇರು ತಿಂದು ತೋಟಗಳನ್ನೇ ಬರಿದು ಮಾಡಿತು. ಇತ್ತ ಬಿಳಿ ಕಾಂಡಕೊರಕ ಹುಳ ಕಾಫಿ ಗಿಡಗಳನ್ನು ಒಣಗಿಸಿತು, ಅದರ ಬೆನ್ನಿಗೇ ಎಲೆತುಕ್ಕು ರೋಗ ಬಂತು. ‘ಚಿಕ್’ ಎನ್ನುವ ಹಳೆಯ ಚಿಕ್ಕಮಗಳೂರು ತಳಿ ಈ ಹೊಡೆತಕ್ಕೆ ನಿಲ್ಲಲಿಲ್ಲ. ಯುರೋಪಿನ ರೈತರು ಅಮೆರಿಕದ ದ್ರಾಕ್ಷಿಯ ಬೇರಿಗೆ ತಮ್ಮ ಬಳ್ಳಿ ಕಸಿಮಾಡಿ ಉಳಿದುಕೊಂಡರು. ಕಾಫಿಯವರು ಉಳಿದದ್ದು ಹೊಸ ತಳಿಗಳಿಂದ. ಕೆಂಟ್ ಎಂಬ ಬ್ರಿಟಿಷ್ ಬೆಳೆಗಾರ ತನ್ನ ತೋಟದಲ್ಲಿ ಆರಿಸಿದ ಗಿಡದಿಂದ ‘ಕೆಂಟ್ಸ್’ ಬಂತು. ಮೈಸೂರು ಸರ್ಕಾರ 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ತೆರೆಯಿತು. ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಅದೇ. ಅಲ್ಲಿ ರೂಪುಗೊಂಡು 1940ರ ದಶಕದಲ್ಲಿ ಬೆಳೆಗಾರರ ಕೈಸೇರಿದ ಎಸ್. 795 ತಳಿಯ ಗಿಡಗಳು ಇಂದಿಗೂ ವಸ್ತಾರೆ, ಆಲ್ದೂರು, ಮೂಡಿಗೆರೆಯ ತೋಟಗಳಲ್ಲಿ ಧಾರಾಳವಾಗಿ ಸಿಗುತ್ತವೆ.

ಎರಡನೇ ಮಹಾಯುದ್ಧದ ಕಾಲಕ್ಕೆ ರಫ್ತು ನಿಂತು ಬೆಲೆ ಬಿದ್ದಾಗ ಸರ್ಕಾರ ಕಾಫಿ ಮಂಡಳಿಯ ಮೂಲಕ ಒಟ್ಟು ಮಾರಾಟದ ವ್ಯವಸ್ಥೆ ಮಾಡಿತು. ಬೆಳೆಗಾರ ತನ್ನ ಕಾಫಿಯನ್ನು ಮಂಡಳಿಗೇ ಒಪ್ಪಿಸಬೇಕು, ಮಂಡಳಿ ಹರಾಜು ಹಾಕಿ ಕಂತಿನಲ್ಲಿ ಹಣ ಕೊಡಬೇಕು. ಈ ವ್ಯವಸ್ಥೆ ಬೆಳೆಗಾರರನ್ನು ಆ ಹೊತ್ತಿಗೆ ಉಳಿಸಿತು. ಆದರೆ ಎಲ್ಲ ತೋಟದ ಕಾಫಿಯೂ ಒಂದೇ ರಾಶಿಗೆ ಬಿದ್ದು ತೋಟದ ಹೆಸರು ಅಳಿಸಿಹೋಯಿತು. ಚೆನ್ನಾಗಿ ಸಂಸ್ಕರಿಸಿದವನಿಗೂ ಹೇಗೋ ಒಣಗಿಸಿದವನಿಗೂ ಹೊರಜಗತ್ತಿನಲ್ಲಿ ಬೇರೆಬೇರೆ ಗುರುತು ಸಿಗಲಿಲ್ಲ. 1990ರ ದಶಕದಲ್ಲಿ ಹಂತಹಂತವಾಗಿ ಮುಕ್ತ ಮಾರಾಟಕ್ಕೆ ಅವಕಾಶವಾಗಿ, 1996ರ ಹೊತ್ತಿಗೆ ಬೆಳೆಗಾರ ತನ್ನ ಪೂರ್ತಿ ಬೆಳೆಯನ್ನು ಬೇಕಾದವರಿಗೆ ಮಾರಬಲ್ಲವನಾದ. ಮೂಡಿಗೆರೆ ಸೀಮೆಯ ವಿ.ಜಿ. ಸಿದ್ಧಾರ್ಥ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದದ್ದೂ ಅದೇ ವರ್ಷ. ತೋಟದ ಹೆಸರಿನ ಕಾಫಿ, ಅದನ್ನು ಹುಡುಕಿ ಬರುವ ಅತಿಥಿ, ಅವರಿಗೆಂದು ತೆರೆದ ಹೋಮ್‌ಸ್ಟೇ ಇವೆಲ್ಲ ಬೆಳೆದದ್ದು ಆ ಬದಲಾವಣೆಯ ನಂತರ. 2019ರಲ್ಲಿ ‘ಚಿಕ್ಕಮಗಳೂರು ಅರೇಬಿಕಾ’ ಮತ್ತು ‘ಬಾಬಾಬುಡನ್‌ಗಿರಿ ಅರೇಬಿಕಾ’ ಎರಡಕ್ಕೂ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು.

ನೆರಳಿನ ಬೇಸಾಯ

ದ್ರಾಕ್ಷಿಗೆ ಬಯಲು ಬಿಸಿಲು ಬೇಕು, ಇಲ್ಲಿಯ ಕಾಫಿಗೆ ನೆರಳು ಬೇಕು. ಬ್ರೆಜಿಲ್ಲಿನಲ್ಲಿ ಬಿಸಿಲಿಗೇ ಕಾಫಿ ಬೆಳೆಯುವ ಕಡೆ ಮರವೇ ಇರುವುದಿಲ್ಲ. ಚಿಕ್ಕಮಗಳೂರಿನ ತೋಟದಲ್ಲಿ ತಲೆಯೆತ್ತಿ ನೋಡಿದರೆ ಮೂರು ಅಂತಸ್ತು ಕಾಣುತ್ತದೆ. ಎಲ್ಲಕ್ಕಿಂತ ಮೇಲೆ ಅತ್ತಿ, ಬಸರಿ, ಹಲಸು, ನಂದಿಯಂಥ ಕಾಡುಮರಗಳು. ನಡುವೆ ಹಾಲವಾಣ ಮತ್ತು ಸಿಲ್ವರ್ ಓಕ್, ಅವುಗಳ ಕಾಂಡಕ್ಕೆ ಹಬ್ಬಿದ ಮೆಣಸು. ಕೆಳಗೆ ಕೈಗೆಟುಕುವ ಎತ್ತರಕ್ಕೆ ಸವರಿ ನಿಲ್ಲಿಸಿದ ಕಾಫಿ. ಕೆಲವು ತೋಟಗಳಲ್ಲಿ ಕಿತ್ತಳೆ, ತೇವದ ತಗ್ಗಿನಲ್ಲಿ ಏಲಕ್ಕಿಯೂ ಉಂಟು. ಉದುರಿದ ಎಲೆ ಕೊಳೆತು ನೆಲಕ್ಕೆ ಗೊಬ್ಬರ, ಹಕ್ಕಿಗೆ ಗೂಡು, ಬೆಳೆಗಾರನಿಗೆ ಕಾಫಿ ಕೈಕೊಟ್ಟ ವರ್ಷ ಮೆಣಸಿನ ಆಸರೆ. ಮುಂಗಾರಿಗೆ ಮುನ್ನ ಮರ ಹತ್ತಿ ಕೊಂಬೆ ಸವರಿ ಬೆಳಕು ಬಿಡುವ ಮರಗಸಿಗೆ ನುರಿತ ಆಳೇ ಆಗಬೇಕು. ಎಷ್ಟು ನೆರಳು ಬಿಡಬೇಕೆಂಬ ಅಂದಾಜಿನ ಮೇಲೆಯೇ ಆ ವರ್ಷದ ಫಸಲು ನಿಂತಿದೆ.

ಎತ್ತರಕ್ಕೆ ತಕ್ಕಂತೆ ಕಾಫಿಯೂ ಬದಲಾಗುತ್ತದೆ. ಸುಮಾರು 1000 ಮೀಟರ್‌ಗಿಂತ ಮೇಲಿನ ತಂಪು ಇಳಿಜಾರು ಅರೇಬಿಕಾಕ್ಕೆ ಹೇಳಿಮಾಡಿಸಿದ್ದು. ಬಾಬಾಬುಡನ್ ಗಿರಿಯ ತೋಟಗಳು ಈ ಬಗೆಯವು. ಅದಕ್ಕಿಂತ ತಗ್ಗಿನಲ್ಲಿ, ಹೆಚ್ಚು ಮಳೆಯ ಕಡೆ ರೋಬಸ್ಟಾ. ಕಳಸದ ದಾರಿಯಲ್ಲಿ ರೋಬಸ್ಟಾದ ಜೊತೆಗೆ ಅಡಿಕೆ ತೋಟಗಳೂ ಸಿಗುತ್ತವೆ.

ಯಾವ ತಿಂಗಳಲ್ಲಿ ಏನು ಕಾಣುತ್ತದೆ

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ತೋಟದವರೆಲ್ಲರ ಕಣ್ಣು ಆಕಾಶದ ಮೇಲೆ. ಒಂದು ಇಂಚಿನಷ್ಟು ಹೂಮಳೆ ಬಿದ್ದರೆ ಎಂಟು–ಹತ್ತು ದಿನಕ್ಕೆ ಗಿಡಗಿಡವೂ ಬೆಳ್ಳಗೆ ಅರಳುತ್ತದೆ. ಮಲ್ಲಿಗೆಯನ್ನು ನೆನಪಿಸುವ ಆ ಪರಿಮಳ ಮೂರು–ನಾಲ್ಕು ದಿನ ಮಾತ್ರ. ಅರೇಬಿಕಾ ಹೂವಿನಲ್ಲಿ ಪರಾಗಸ್ಪರ್ಶ ತಂತಾನೇ ಆಗುತ್ತದೆ, ರೋಬಸ್ಟಾಕ್ಕೆ ಗಾಳಿ, ಜೇನುನೊಣದ ನೆರವು ಬೇಕು. ಹೂವು ಬಿಟ್ಟ ಎರಡು–ಮೂರು ವಾರದೊಳಗೆ ಮತ್ತೊಂದು ಮಳೆ ಬಿದ್ದರೆ ಕಾಯಿ ನಿಲ್ಲುತ್ತದೆ. ಬಾರದಿದ್ದರೆ ಕೆರೆಯಿಂದ ಪೈಪು ಎಳೆದು ಸ್ಪ್ರಿಂಕ್ಲರ್ ಹಾರಿಸಬೇಕು.

ಜೂನ್‌ನಿಂದ ಸೆಪ್ಟೆಂಬರ್ ಮಳೆಯ ಆಳ್ವಿಕೆ. ಕೊಟ್ಟಿಗೆಹಾರ, ಕಳಸದ ಕಡೆ ದಿನಗಟ್ಟಲೆ ಸೂರ್ಯ ಕಾಣುವುದಿಲ್ಲ. ಕೊಳೆರೋಗದ ಭಯ, ಮುರಿದ ಮರ, ಕರೆಂಟಿಲ್ಲದ ರಾತ್ರಿ ಇವು ತೋಟದವರ ಪಾಲು. ಮಂಜು ಮತ್ತು ಹಳ್ಳದ ಸೊಬಗು ನೋಡುವವರಿಗೆ ಇದು ಒಳ್ಳೆಯ ಕಾಲವಾದರೂ ಜಿಗಣೆ, ಜಾರುವ ದಾರಿ, ಘಾಟಿಯ ಭೂಕುಸಿತವನ್ನು ಲೆಕ್ಕಕ್ಕಿಟ್ಟುಕೊಂಡೇ ಹೊರಡಬೇಕು.

ಕಾಫಿ ತೋಟವನ್ನು ಪೂರ್ತಿ ಅರಿಯಲು ತಕ್ಕ ಕಾಲ ಕುಯ್ಲು. ಅರೇಬಿಕಾ ನವೆಂಬರ್‌ನಿಂದ ಜನವರಿಗೆ, ರೋಬಸ್ಟಾ ಅದರ ಬೆನ್ನಿಗೆ ಮಾರ್ಚ್‌ವರೆಗೆ. ಒಂದೇ ಗೊಂಚಲಿನಲ್ಲಿ ಕೆಂಪು ಹಣ್ಣು, ಹಳದಿ ದೋರೆ, ಹಸಿರು ಕಾಯಿ ಒಟ್ಟಿಗೆ ಇರುವುದರಿಂದ ಹಣ್ಣನ್ನಷ್ಟೇ ಆರಿಸಿ ಕುಯ್ಯಬೇಕು, ಅದೇ ಗಿಡಕ್ಕೆ ಮತ್ತೆ ಮತ್ತೆ ಬರಬೇಕು. ಸಂಜೆ ಚೀಲಗಳನ್ನು ಹೊತ್ತು ತಂದು ತೂಕ ಹಾಕಿಸುವಾಗ ತೋಟದ ಲೆಕ್ಕ ಬರೆಯುವ ರೈಟರು ಪುಸ್ತಕದಲ್ಲಿ ಒಬ್ಬೊಬ್ಬರ ಕಿಲೊ ಬರೆದುಕೊಳ್ಳುತ್ತಾರೆ. ಒಂದು ಕಿಲೊ ಕಾಫಿ ಬೀಜಕ್ಕೆ ಸುಮಾರು ಆರು ಕಿಲೊ ಹಣ್ಣು ಬೇಕೆಂಬುದು ಆ ತೂಕದ ಹೊತ್ತಿನಲ್ಲಿ ಅಲ್ಲಿ ನಿಂತಾಗ ಮನಸ್ಸಿಗೆ ನಾಟುತ್ತದೆ.

ತೂಕವಾದ ಹಣ್ಣು ಅದೇ ದಿನ ಪಲ್ಪರ್ ಸೇರಬೇಕು. ಯಂತ್ರ ಸಿಪ್ಪೆಯನ್ನು ಒಂದು ಕಡೆಗೆ, ಲೋಳೆ ಮೆತ್ತಿದ ಬೀಜವನ್ನು ಇನ್ನೊಂದು ಕಡೆಗೆ ತಳ್ಳುತ್ತದೆ. ಬೀಜ ತೊಟ್ಟಿಯಲ್ಲಿ ಒಂದು–ಒಂದೂವರೆ ದಿನ ಹುಳಿಯುತ್ತದೆ. ಹದ ನೋಡುವವರು ತೊಟ್ಟಿಗೆ ಕೈಹಾಕಿ ಒಂದು ಹಿಡಿ ಬೀಜ ಉಜ್ಜುತ್ತಾರೆ. ಜಾರಿದರೆ ಇನ್ನೂ ಆಗಿಲ್ಲ, ಜಲ್ಲಿಯಂತೆ ಗರಗರ ಅಂದರೆ ಲೋಳೆ ಬಿಟ್ಟಿದೆ, ತೊಳೆಯಬಹುದು. ಹೊತ್ತು ಮೀರಿದರೆ ಹುಳಿ ವಾಸನೆ ಬೀಜಕ್ಕೆ ಹತ್ತಿ ಇಡೀ ತೊಟ್ಟಿಯ ರುಚಿ ಕೆಡುತ್ತದೆ. ತೊಳೆದದ್ದನ್ನು ಕಣದಲ್ಲಿ ಹರವಿ, ಆಗಾಗ ಕೈಯಾಡಿಸಿ, ರಾತ್ರಿ ಮುಚ್ಚಿ ವಾರದ ಮೇಲೆ ಒಣಗಿಸಿದರೆ ಪಾರ್ಚ್‌ಮೆಂಟ್. ಸಿಪ್ಪೆ ಸಮೇತ ಹಣ್ಣನ್ನೇ ಒಣಗಿಸಿದರೆ ಚೆರಿ. ಮಾರುಕಟ್ಟೆಯಲ್ಲಿ ಎಪಿ, ಎಸಿ (ಅರೇಬಿಕಾದ ಪಾರ್ಚ್‌ಮೆಂಟ್, ಚೆರಿ), ಆರ್‌ಪಿ, ಆರ್‌ಸಿ (ರೋಬಸ್ಟಾದವು) ಎಂದು 50 ಕಿಲೊ ಮೂಟೆಗೆ ದರ ಕೂಗುವುದು ಇವುಗಳಿಗೇ. ಅಲ್ಲಿಂದ ಕ್ಯೂರಿಂಗ್ ವರ್ಕ್ಸ್‌ಗೆ ಹೋದ ಕಾಫಿ ಹೊಟ್ಟು ಕಳೆದು, ಗಾತ್ರಕ್ಕೆ ತಕ್ಕಂತೆ ವಿಂಗಡವಾಗಿ ಹೊರಬರುತ್ತದೆ.

ರುಚಿಯ ಪಾಠ

ತೋಟದಲ್ಲಿ ಕಾಫಿ ರುಚಿ ನೋಡುವುದು ಫಿಲ್ಟರ್ ಕಾಫಿ ಕುಡಿಯುವುದಕ್ಕಿಂತ ಬೇರೆ. ಹದವಾಗಿ ಹುರಿದು ತರಿತರಿಯಾಗಿ ಪುಡಿಮಾಡಿದ ಕಾಫಿಗೆ ಬಟ್ಟಲಲ್ಲೇ ಬಿಸಿನೀರು ಹಾಕಿ, ನಾಲ್ಕು ನಿಮಿಷ ಬಿಟ್ಟು, ಮೇಲೆ ಕಟ್ಟಿದ ಕೆನೆಯನ್ನು ಚಮಚದಿಂದ ಒಡೆದು ಮೂಗೊಡ್ಡಿ ಪರಿಮಳ ನೋಡುತ್ತಾರೆ. ಆಮೇಲೆ ಒಂದೊಂದೇ ಚಮಚ ಸೊರ್ರನೆ ಹೀರುತ್ತಾರೆ. ಹಾಲು, ಸಕ್ಕರೆ, ಚಿಕೋರಿ ಯಾವುದೂ ಇಲ್ಲದ ಆ ಬಟ್ಟಲಿನಲ್ಲಿ ಅರೇಬಿಕಾದ ನಯವಾದ ಹುಳಿಯೂ ರೋಬಸ್ಟಾದ ಗಟ್ಟಿ ಕಹಿಯೂ ಬೇರೆಬೇರೆಯಾಗಿ ತಿಳಿಯುತ್ತವೆ. ಚಿಕ್ಕಮಗಳೂರಿನಲ್ಲಿ ಕಾಫಿ ಮಂಡಳಿಯ ‘ಕಾಫಿ ಯಾತ್ರಾ’ ವಸ್ತುಸಂಗ್ರಹಾಲಯವಿದೆ. ತೋಟಕ್ಕೆ ಹೋಗುವ ಮೊದಲು ಅದನ್ನು ನೋಡಿದವರಿಗೆ ಮುಂದಿನದು ಸುಲಭ. ಕೊಟ್ಟಿಗೆಹಾರದ ಪೂರ್ಣಚಂದ್ರ ತೇಜಸ್ವಿ ಪ್ರತಿಷ್ಠಾನಕ್ಕೂ ಒಂದು ಗಳಿಗೆ ಕೊಡಬೇಕು. ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡೇ ಬರೆದ ಆ ಲೇಖಕರ ‘ಕರ್ವಾಲೊ’ ಈ ಸೀಮೆಯ ಕಾಡು, ತೋಟ, ಜನರನ್ನು ಕನ್ನಡದ ಓದುಗರಿಗೆಲ್ಲ ಪರಿಚಯಿಸಿದ ಕಾದಂಬರಿ.

ಭಾರತದ ಕಾಫಿಯಲ್ಲಿ ಹೆಚ್ಚಿನ ಪಾಲು ಹೊರದೇಶಕ್ಕೆ ಹೋಗುತ್ತದೆ, ಅದರಲ್ಲಿ ಇಟಲಿ ದೊಡ್ಡ ಗಿರಾಕಿ. ಅಲ್ಲಿಯ ದ್ರಾಕ್ಷಿತೋಟ ನೋಡಲು ಹೋದ ಕನ್ನಡಿಗರು ಕುಡಿಯುವ ಎಸ್‌ಪ್ರೆಸೊದಲ್ಲಿ ಕರ್ನಾಟಕದ ರೋಬಸ್ಟಾ ಇರುವ ಸಂಭವ ಸಾಕಷ್ಟಿದೆ. ಆದರೆ ಪೊಟ್ಟಣದ ಮೇಲೆ ಆ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ದ್ರಾಕ್ಷಿಯವರು ಉಳಿಸಿಕೊಂಡ ಹೆಸರನ್ನು ಕಾಫಿಯವರು ಇನ್ನೂ ಗಳಿಸಬೇಕಾಗಿದೆ.

ಹೋಗುವವರು ತಿಳಿದಿರಬೇಕಾದದ್ದು

ಕಾಫಿ ತೋಟ ಉದ್ಯಾನವನವಲ್ಲ, ಯಾರದೋ ದುಡಿಮೆಯ ಜಾಗ. ಮೊದಲೇ ಫೋನ್ ಮಾಡಿ, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿದ ಹೋಮ್‌ಸ್ಟೇಯನ್ನು ಆರಿಸಿ, ತೋಟ ತೋರಿಸುವವರಿದ್ದಾರೆಯೇ ಎಂದು ವಿಚಾರಿಸಿ ಹೋಗುವುದು ಕ್ರಮ. ಮೂಡಿಗೆರೆ, ಆಲ್ದೂರು ಭಾಗದಲ್ಲಿ ಕಾಡಾನೆಗಳ ಓಡಾಟವಿರುವುದರಿಂದ ಮುಂಜಾನೆ, ಮುಸ್ಸಂಜೆಯಲ್ಲಿ ಒಬ್ಬೊಬ್ಬರೇ ತೋಟದೊಳಗೆ ಅಡ್ಡಾಡಬಾರದು. ಕುಯ್ಲಿನವರಲ್ಲಿ ಸ್ಥಳೀಯರೂ ಇದ್ದಾರೆ, ಅಸ್ಸಾಂ, ಪಶ್ಚಿಮ ಬಂಗಾಳದಿಂದ ಬಂದವರೂ ಇದ್ದಾರೆ. ಕಿಲೊ ಲೆಕ್ಕದಲ್ಲಿ ಕೂಲಿ ಪಡೆಯುವವರನ್ನು ಫೋಟೊಗೆಂದು ನಿಲ್ಲಿಸಿಕೊಂಡರೆ ಅವರ ಸಂಪಾದನೆಗೇ ಕುತ್ತು. ಹಳ್ಳಕ್ಕೆ ಎಸೆದ ಪ್ಲಾಸ್ಟಿಕ್ ಭದ್ರಾ, ಹೇಮಾವತಿ ನದಿಗಳನ್ನೇ ಸೇರುತ್ತದೆ. ಈ ಗಿರಿಗಳ ನೀರನ್ನು ಕುಡಿಯುವವರು ಬಯಲುಸೀಮೆಯಲ್ಲೂ ಇದ್ದಾರೆ.

ಊಟಕ್ಕೆ ಅಕ್ಕಿರೊಟ್ಟಿ, ಕಡುಬು, ಮಳೆಗಾಲವಾದರೆ ಕಳಲೆ ಪಲ್ಯ ಸಿಗುವ ಮನೆಯಲ್ಲಿ ಎರಡು ದಿನ ಉಳಿದವರಿಗೆ ತೋಟದವರ ಕಷ್ಟಸುಖವೂ ತಿಳಿಯುತ್ತದೆ: ಹೂಮಳೆ ತಪ್ಪಿದ ವರ್ಷ, ಕುಯ್ಲಿನಲ್ಲೇ ಸುರಿದ ಅಕಾಲ ಮಳೆ, ಆಳಿನ ಅಭಾವ, ಏರಿಳಿಯುವ ದರ. ಇಷ್ಟನ್ನು ತಿಳಿದು ಹೊರಡುವಾಗ ಒಂದು ಕೆಲಸ ಮರೆಯಬಾರದು. ಆ ತೋಟದ ಕಾಫಿಯನ್ನೇ ಕೊಳ್ಳಿ. ಊರಿಗೆ ಮರಳಿದ ಮೇಲೂ ಅಂಗಡಿಯಲ್ಲಿ ಪುಡಿ ಕೊಳ್ಳುವಾಗ ಅದು ಯಾವ ಸೀಮೆಯದು, ಯಾವ ತೋಟದ್ದು ಎಂದು ಕೇಳಿ. ಕೇಳುವ ಗಿರಾಕಿ ಹೆಚ್ಚಿದರೆ ಮಾತ್ರ ವಸ್ತಾರೆ, ಮೂಡಿಗೆರೆ, ಕಳಸದ ಹೆಸರುಗಳು ಪೊಟ್ಟಣದ ಮೇಲೆ ಬರುತ್ತವೆ.