ಹೆದ್ದಾರಿ ಸರಿಸುವ ಮುನ್ನ

ಅಮೆರಿಕದ ಸಿರಕ್ಯೂಸ್ ನಗರದ ನಡುವೆ 1960ರ ದಶಕದಲ್ಲಿ ಐ-81 ಹೆದ್ದಾರಿಯ ಮೇಲ್ಸೇತುವೆ ಎದ್ದಿತು. ಹದಿನೈದನೇ ವಾರ್ಡಿನ ಕಪ್ಪು ಜನಾಂಗದವರ ಮನೆಗಳು ನೆಲಸಮವಾದವು. ಪರಿಸರ ಪರಿಶೀಲನೆಯ ಕಾನೂನು ಜಾರಿಗೆ ಬಂದದ್ದು 1970ರಲ್ಲಿ.

ಸೇತುವೆ ಹಳತಾದಾಗ ಮೂರು ದಾರಿಗಳನ್ನು ತೂಗಿದರು: ಇದ್ದಂತೆ ಬಿಡುವುದು, ಅಲ್ಲೇ ಹೊಸದು ಕಟ್ಟುವುದು, ಕೆಡವಿ ಹೆದ್ದಾರಿಯನ್ನು ಊರ ಹೊರಗಿನ ಐ-481ಕ್ಕೆ ತಿರುಗಿಸುವುದು. ಸದ್ದು, ಹೊಗೆ, ನೀರು ಎಲ್ಲದರ ಲೆಕ್ಕ ಹಾಕಿ 2021ರಲ್ಲಿ ಕರಡು ಪ್ರಕಟಿಸಿ, ಜನರ ಅಭಿಪ್ರಾಯ ಪಡೆದು, 2022ರಲ್ಲಿ ಮೂರನೆಯದನ್ನೇ ಆರಿಸಿದರು.

ಬೆಳೆಗಾರ ಬಾಂಧವರೇ, ಜಮೀನು ಬೇಡುವ ಹಲವು ದೊಡ್ಡ ಹೆದ್ದಾರಿಗಳಿಗೆ ನಮ್ಮಲ್ಲೂ 2006ರ ಅಧಿಸೂಚನೆಯಂತೆ ಸಾರ್ವಜನಿಕ ಅಹವಾಲು ಸಭೆ ಉಂಟು. 30 ದಿನ ಮುಂಚಿತವಾಗಿ ಪ್ರಕಟಣೆ ಬರಬೇಕು. ಬೇರೆ ದಾರಿ ಯಾವುದು, ತೋಟದ ಹಳ್ಳದ ನೀರಿನ ಗತಿಯೇನು ಎಂದು ಆಗಲೇ ಬರೆದು ಕೇಳಿರಿ. ಅಡಿಕೆ ಮರ ಉರುಳಿದ ಮೇಲೆ ಕೇಳಿ ಫಲವಿಲ್ಲ.