ದಮ್ಮು ಮತ್ತು ಉಸಿರುನಾಳದ ಒಳಗಿನ ಉರಿ

ದಮ್ಮು, ಉಬ್ಬಸ, ಗೂರಲು ಎಂದು ಜನರು ಕರೆಯುವ ವ್ಯಾಧಿಗೆ ಆಯುರ್ವೇದದಲ್ಲಿ ತಮಕ ಶ್ವಾಸವೆಂದು ಹೆಸರು. ಧೂಳು, ಹೊಗೆ, ಶೀತಲ ಸ್ಥಳದ ವಾಸ, ತಣ್ಣೀರಿನ ಸೇವನೆ ಇವುಗಳನ್ನು ಚರಕಸಂಹಿತೆಯ ಚಿಕಿತ್ಸಾಸ್ಥಾನದ 17ನೆಯ ಅಧ್ಯಾಯವು ಶ್ವಾಸರೋಗದ ಕಾರಣಗಳಲ್ಲಿ ಎಣಿಸಿದೆ. ಹೊಗೆಯು ಒಳಗೆ ಮಾಡುವ ಹಾನಿಯ ಬಗೆಯನ್ನು ಆಧುನಿಕ ವಿಜ್ಞಾನವು ವಿವರಿಸಿದೆ.

ನಾವು ಉಸಿರಾಡುವ ಆಮ್ಲಜನಕವೇ ಪ್ರಾಣಾಧಾರ. ಆದರೆ ಅದರಿಂದ ಹುಟ್ಟುವ ಸೂಪರ್‌ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್ ಮೊದಲಾದ ಉಗ್ರ ಅಣುಗಳು ಮಿತಿಮೀರಿದರೆ ಜೀವಕೋಶಗಳನ್ನು ಘಾಸಿಗೊಳಿಸುತ್ತವೆ. ಇವನ್ನು ತಣಿಸಲು ದೇಹದಲ್ಲಿ ಗ್ಲುಟಾಥಿಯೋನ್, ಕ್ಯಾಟಲೇಸ್ ಮುಂತಾದ ರಕ್ಷಕಗಳಿವೆ. ಆ ರಕ್ಷಣೆಯನ್ನೂ ಮೀರಿ ಅವು ಹೆಚ್ಚುವ ಸ್ಥಿತಿಯೇ ಉತ್ಕರ್ಷಣದ ಒತ್ತಡ. ದಮ್ಮಿನವರ ಉಸಿರುನಾಳದಲ್ಲಿ ನೆರೆಯುವ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಇಂತಹ ಅಣುಗಳನ್ನು ಹೊರಸೂಸುತ್ತವೆ. ಸೌದೆಒಲೆ, ಬೀಡಿ, ವಾಹನಗಳ ಹೊಗೆಯು ಹೊರಗಿನಿಂದ ಇನ್ನಷ್ಟು ಸೇರಿಸುತ್ತದೆ. ಆಗ ನಾಳದ ಒಳಪದರ ಕೆಡುತ್ತದೆ, ಕಫ ಹೆಚ್ಚುತ್ತದೆ, ಸ್ನಾಯು ಬಿಗಿಯುತ್ತದೆ.

ಹಾಗಾದರೆ ನೆಲ್ಲಿಕಾಯಿ ತಿಂದು ಇನ್‌ಹೇಲರ್ ಬಿಡಬಹುದೇ ಎಂದು ಹಲವರು ನಮ್ಮನ್ನು ಕೇಳುತ್ತಾರೆ. ಬಿಡಬಾರದು. ನೆಲ್ಲಿ, ಸೊಪ್ಪು, ಹಣ್ಣುಗಳು ಹಿತವಾದ ಆಹಾರವೇ ಹೌದು. ಆದರೆ ವಿಟಮಿನ್ ಸಿ, ಇ ಮಾತ್ರೆಗಳಿಂದಲೂ ದಮ್ಮು ಹತೋಟಿಗೆ ಬರುವುದು ದೃಢಪಟ್ಟಿಲ್ಲ. ವೈದ್ಯರು ಬರೆದುಕೊಟ್ಟ ಸ್ಟೀರಾಯ್ಡ್ ಇನ್‌ಹೇಲರ್ ನಾಳದ ಉರಿಯೂತವನ್ನೇ ಶಮನಗೊಳಿಸುತ್ತದೆ. ನಮ್ಮ ಔಷಧಗಳು ಅದರ ಜೊತೆಗಿರಲಿ, ಅದರ ಬದಲಿಗಲ್ಲ.

ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೇ: ಮನೆಯೊಳಗಿನ ಹೊಗೆಯನ್ನು ಮೊದಲು ಹೊರಗಟ್ಟಿರಿ. ರೋಗಿಗೆ ಮಾತನಾಡಲೂ ಉಸಿರು ಸಾಲದಿದ್ದರೆ, ತುಟಿ ನೀಲಿಗಟ್ಟಿದರೆ, ಕಷಾಯ ಕಾಯಿಸುತ್ತ ಕೂಡದೆ ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ.