ಕೆಂಪು ಮಣ್ಣಿನಲ್ಲಿ ಕಬ್ಬಿಣಕ್ಕೆ ಬರ

ಬೆಂಗಳೂರಿನ ಜಾಲಹಳ್ಳಿಯ ತಾರಸಿಗಳಲ್ಲಿ ಕುಂಡದಲ್ಲಿ ಬೆಳೆದ ದಾಸವಾಳವನ್ನೋ ಗುಲಾಬಿಯನ್ನೋ ಹತ್ತಿರದಿಂದ ನೋಡಿದರೆ ಆಗಾಗ ಕಣ್ಣಿಗೆ ಬೀಳುವ ಚಿತ್ರ ಇದು: ಬುಡದ ಎಲೆಗಳು ಇನ್ನೂ ಹಸಿರು, ತುದಿಯ ಚಿಗುರು ಮಾತ್ರ ಹಳದಿ. ಆ ಹಳದಿಯಲ್ಲೂ ನರಗಳಷ್ಟೇ ಹಸಿರಾಗಿ ಉಳಿದು, ಎಲೆಯ ಮೇಲೆ ಶಾಯಿಯಲ್ಲಿ ಬಲೆ ಬರೆದಂತೆ ಎದ್ದು ಕಾಣುತ್ತವೆ. ಗಿಡಕ್ಕೆ ಶಕ್ತಿ ಸಾಲುತ್ತಿಲ್ಲ ಎಂದುಕೊಂಡು ಒಂದು ಹಿಡಿ ಡಿಎಪಿ ಗೊಬ್ಬರ ಸುರಿಯುವುದು ವಾಡಿಕೆ. ಈ ಭಾಗದ ಮಟ್ಟಿಗೆ ಹೇಳುವುದಾದರೆ, ಮಣ್ಣಿನಲ್ಲಿ ಏನಿಲ್ಲ ಎಂದು ಹುಡುಕುವ ಮೊದಲು ದಿನವೂ ಸುರಿಯುತ್ತಿರುವ ನೀರಿನಲ್ಲಿ ಏನಿದೆ ಎಂದು ಕೇಳುವುದು ಒಳ್ಳೆಯದು.

ಎಲೆಗೆ ಹಸಿರು ಬಣ್ಣ ಕೊಡುವ ಪತ್ರಹರಿತ್ತಿನ ಪ್ರತಿ ಅಣುವಿನ ನಡುವೆ ಒಂದು ಮೆಗ್ನೀಸಿಯಂ ಪರಮಾಣು, ಅದನ್ನು ಸುತ್ತುವರಿದು ನಾಲ್ಕು ಸಾರಜನಕದ ಪರಮಾಣುಗಳಿರುತ್ತವೆ. ಕಬ್ಬಿಣ ಆ ಅಣುವಿನೊಳಗಿಲ್ಲ, ಆದರೆ ಅದಿಲ್ಲದೆ ಅಣು ತಯಾರಾಗುವುದೇ ಇಲ್ಲ. ಸಾರಜನಕ ಅಥವಾ ಮೆಗ್ನೀಸಿಯಂ ಕಡಿಮೆಯಾದಾಗ ಗಿಡ ಹಳೆಯ ಎಲೆಗಳಲ್ಲಿದ್ದದ್ದನ್ನು ತೆಗೆದು ಚಿಗುರಿಗೆ ಸಾಗಿಸುತ್ತದೆ; ಆದ್ದರಿಂದ ಬುಡದ ಎಲೆಗಳು ಮೊದಲು ಬಿಳಿಚಿಕೊಳ್ಳುತ್ತವೆ. ಕಬ್ಬಿಣವನ್ನು ಹೀಗೆ ಸಾಗಿಸುವುದು ಗಿಡಕ್ಕೆ ಕಷ್ಟ. ಒಮ್ಮೆ ಎಲೆ ಸೇರಿದ್ದು ಬಹುಪಾಲು ಅಲ್ಲೇ ಉಳಿಯುತ್ತದೆ, ಹೊಸ ಚಿಗುರು ಹಸಿದಿರುತ್ತದೆ. ಹಳದಿ ಎಲ್ಲಿಂದ ಶುರುವಾಯಿತು ಎಂಬುದು ಎಷ್ಟು ಹಳದಿಯಾಯಿತು ಎಂಬುದಕ್ಕಿಂತ ದೊಡ್ಡ ಸುಳಿವು. ಬೆಂಡೆ ಗಿಡದಲ್ಲಿ ಇದಕ್ಕೆ ತದ್ವಿರುದ್ಧವಾಗಿ ನರಗಳೇ ಹಳದಿಯಾಗಿದ್ದರೆ ಅದು ಬಿಳಿನೊಣ ಹರಡುವ ನಂಜು ರೋಗ. ಅದಕ್ಕೆ ಯಾವ ಗೊಬ್ಬರವೂ ಮದ್ದಲ್ಲ.

ಆದರೆ ಬೆಂಗಳೂರಿನ ಮಣ್ಣು ಕೆಂಪಗಿರುವುದೇ ಕಬ್ಬಿಣದ ಆಕ್ಸೈಡ್‌ನಿಂದ. ಅಂಥ ಮಣ್ಣಿನಲ್ಲಿ ಕಬ್ಬಿಣಕ್ಕೆ ಬರ ಎಂದರೆ ಯಾರಾದರೂ ಹುಬ್ಬೇರಿಸುತ್ತಾರೆ. ವಿಷಯವೇನೆಂದರೆ, ಬೇರು ಹೀರಬಲ್ಲದ್ದು ನೀರಿನಲ್ಲಿ ಕರಗಿದ ಕಬ್ಬಿಣವನ್ನು ಮಾತ್ರ. ಮಣ್ಣಿನ ರಸಸಾರ (ಪಿಎಚ್) ಒಂದು ಅಂಕ ಏರಿದರೆ ಕರಗುವ ಕಬ್ಬಿಣ ಸುಮಾರು ಸಾವಿರ ಪಟ್ಟು ಇಳಿಯುತ್ತದೆ. ದಾಸವಾಳ, ನಿಂಬೆಯಂಥ ಗಿಡಗಳ ಬೇರು ತನ್ನ ಸುತ್ತ ಆಮ್ಲ ಸೂಸಿ ಒಂದಿಷ್ಟು ಕಬ್ಬಿಣವನ್ನು ಕರಗಿಸಿಕೊಳ್ಳುತ್ತದೆ. ಆಳದ ಬೋರ್‌ವೆಲ್‌ನ ಗಡಸು ನೀರಿನಲ್ಲಿರುವ ಬೈಕಾರ್ಬೊನೇಟ್ ಆ ಆಮ್ಲವನ್ನು ಅಲ್ಲಲ್ಲೇ ತಟಸ್ಥಗೊಳಿಸಿಬಿಡುತ್ತದೆ. ಲೀಟರಿಗೆ 300 ಮಿಲಿಗ್ರಾಂ ಬೈಕಾರ್ಬೊನೇಟ್ ಇರುವ ನೀರನ್ನು ಒಂದು ಕುಂಡಕ್ಕೆ ದಿನಕ್ಕೊಂದು ಲೀಟರ್ ಹಾಕಿದೆವು ಎಂದುಕೊಳ್ಳಿ. ಅದೆಲ್ಲ ಸುಣ್ಣವಾಗಿ ಕುಂಡದಲ್ಲೇ ಉಳಿದರೆ ವರ್ಷಕ್ಕೆ ಹತ್ತಿರ ಹತ್ತಿರ 90 ಗ್ರಾಂ. ಒಂದು ಪಾಲು ತಳದ ತೂತಿನಿಂದ ಹರಿದುಹೋಗುತ್ತದೆ ನಿಜ, ಆದರೂ ಕುಂಡದ ಅಂಚಿನ ಬಿಳಿ ಕರೆ ಉಳಿದದ್ದಕ್ಕೆ ಸಾಕ್ಷಿ. ಅದರ ಮೇಲೆ ಎರಡು ಹನಿ ವಿನೆಗರ್ ಬಿಟ್ಟಾಗ ನೊರೆ ಬಂದರೆ ಅದು ಸುಣ್ಣವೇ. ಕಬ್ಬಿಣ ಸಿಗಲೆಂದು ಬುಡದಲ್ಲಿ ತುಕ್ಕು ಹಿಡಿದ ಮೊಳೆ ಹುಗಿಯುವವರಿದ್ದಾರೆ. ಮಣ್ಣಿನಲ್ಲಿ ಕರಗದೆ ಬಿದ್ದಿರುವ ಆಕ್ಸೈಡ್‌ಗೆ ಇನ್ನಷ್ಟು ಆಕ್ಸೈಡ್ ಸೇರಿಸಿದಂತಾಯಿತು, ಅಷ್ಟೆ. ಮೊಟ್ಟೆಚಿಪ್ಪಿನ ಪುಡಿ, ಒಲೆ ಬೂದಿ ಎರಡೂ ಸುಣ್ಣದ ಕಡೆಯವೇ.

ಡಿಎಪಿ ಹಾಕಿದ ಮೇಲೆ ಗಿಡ ಹಸಿರಾಯಿತಲ್ಲ ಎನ್ನುವವರ ಮಾತು ಸುಳ್ಳಲ್ಲ. ಹಳದಿಯಾದದ್ದು ಬುಡದ ಎಲೆಗಳಾಗಿದ್ದರೆ ಸಾರಜನಕದ ಕೊರತೆ ಇದ್ದಿರಬಹುದು, ಅದು ನೀಗಿತು. ಚಿಗುರು ಹಳದಿಯಿದ್ದಾಗ ಮಾತ್ರ ಅದೇ ಡಿಎಪಿಯ ರಂಜಕ ಕಬ್ಬಿಣವನ್ನು ಕಟ್ಟಿಹಾಕಿ ಕಷ್ಟ ಹೆಚ್ಚಿಸುತ್ತದೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸಾಫ್ಟನರ್ ಇದೆ, ಗಡಸು ನೀರಿನ ಮಾತೇ ಬರುವುದಿಲ್ಲ ಎಂಬುದು ಇನ್ನೊಂದು ವಾದ. ಸಾಫ್ಟನರ್ ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಕೂರಿಸುತ್ತದೆ. ಬೈಕಾರ್ಬೊನೇಟ್ ಹಾಗೇ ಇರುತ್ತದೆ. ನಲ್ಲಿಯಲ್ಲಿ ಕರೆ ಕಟ್ಟುವುದಿಲ್ಲ, ಸರಿ, ಆದರೆ ಗಿಡಕ್ಕೆ ಈ ನೀರು ಬೋರ್ ನೀರಿಗಿಂತಲೂ ಕೆಟ್ಟದ್ದು. ನೀರು ಉಳಿಸುವ ಸದುದ್ದೇಶದಿಂದ ಆರ್‌ಒ ಯಂತ್ರದ ವೇಸ್ಟ್ ನೀರನ್ನು ಕುಂಡಕ್ಕೆ ಹಾಕುವವರೂ ಇದ್ದಾರೆ. ಯಂತ್ರ ಬೇಡವೆಂದು ತಳ್ಳಿದ ಲವಣಗಳೆಲ್ಲ ಅದರಲ್ಲಿ ಇನ್ನಷ್ಟು ಸಾಂದ್ರವಾಗಿರುತ್ತವೆ. ಅದು ನೆಲ ಒರೆಸುವುದಕ್ಕೇ ಲಾಯಕ್ಕು.

ಪೀಣ್ಯ ಕೈಗಾರಿಕಾ ಪ್ರದೇಶ ಪಕ್ಕದಲ್ಲೇ ಇರುವುದರಿಂದ ಕಾರ್ಖಾನೆಗಳ ಮೇಲೂ ಅನುಮಾನ ಹೋಗುವುದು ಸಹಜ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ದಾಖಲಾಗಿಯೇ ಇದೆ. ಆದರೆ ಭಾರಲೋಹವನ್ನು ಎಲೆ ನೋಡಿ ಗುರುತಿಸಲಾಗದು, ಪ್ರಯೋಗಾಲಯದಲ್ಲಿ ನೀರನ್ನೇ ಪರೀಕ್ಷಿಸಬೇಕು. ಭಾರಲೋಹ ಸಿಕ್ಕರೆ ಎಲೆ ಎಷ್ಟೇ ಹಸಿರಾಗಿದ್ದರೂ ಆ ನೀರಿನಲ್ಲಿ ತಿನ್ನುವ ಸೊಪ್ಪು ಬೆಳೆಯಬಾರದು.

ಎಲ್ಲಕ್ಕಿಂತ ಒಳ್ಳೆಯ ಮದ್ದು ಮಳೆನೀರು, ಅದರಲ್ಲಿ ಬೈಕಾರ್ಬೊನೇಟ್ ಇಲ್ಲವೆನ್ನುವಷ್ಟು ಕಡಿಮೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ಸಾವಿರ ಚದರಡಿಯ ತಾರಸಿಯ ಮೇಲೆ 90 ಸಾವಿರ ಲೀಟರ್ ಬೀಳುತ್ತದೆ. ಒಂದೆರಡು ಡ್ರಮ್ಮು ಹಿಡಿದಿಟ್ಟು ಬೋರ್ ನೀರಿಗೆ ಅರ್ಧಕ್ಕರ್ಧ ಬೆರೆಸಿದರೂ ಗಿಡಕ್ಕೆ ಉಸಿರು. ಕಾವೇರಿ ನೀರು ಬೋರ್ ನೀರಿಗಿಂತ ಮೃದು, ಆದರೆ ಬೇಸಿಗೆಯಲ್ಲಿ ಅದನ್ನು ಗಿಡಕ್ಕೆ ಹಾಕಿ ಎನ್ನಲು ಬಾಯಿ ಬಾರದು. ಎರೆಹುಳು ಗೊಬ್ಬರ, ಕೊಳೆತ ಎಲೆಗೊಬ್ಬರ ಬೇರಿನ ಬಳಿ ಆಮ್ಲವನ್ನೂ ಕಬ್ಬಿಣವನ್ನು ಹಿಡಿದಿಡುವ ಅಂಶಗಳನ್ನೂ ಒದಗಿಸುತ್ತವೆ. ಅಂಗಡಿಯಲ್ಲಿ ಕಬ್ಬಿಣದ ಕಿಲೇಟ್ (ಕಬ್ಬಿಣವನ್ನು ಕರಗಿದ ರೂಪದಲ್ಲೇ ಹಿಡಿದಿಡುವ ಸಂಯುಕ್ತ) ಕೊಳ್ಳುವುದಾದರೆ ಪೊಟ್ಟಣ ಓದಿ: ಇಡಿಟಿಎ ಎಂದಿದ್ದರೆ ಅದು ರಸಸಾರ 6.5 ದಾಟಿದ ಮಣ್ಣಿನಲ್ಲಿ ಕಬ್ಬಿಣವನ್ನು ಕೈಬಿಡುತ್ತದೆ, ಇಡಿಡಿಎಚ್‌ಎ 9ರವರೆಗೂ ಹಿಡಿದಿರುತ್ತದೆ. ಹತ್ತಿರದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ತರಕಾರಿ, ಬಾಳೆ, ನಿಂಬೆ ಜಾತಿಗೆಂದು ರೂಪಿಸಿರುವ ಲಘುಪೋಷಕಾಂಶಗಳ ಮಿಶ್ರಣಗಳನ್ನು ಎಲೆಗೆ ಸಿಂಪಡಿಸುವುದೂ ಇದೇ ತರ್ಕದಿಂದ: ಮಣ್ಣಿನ ತಕರಾರನ್ನು ಬಳಸಿಕೊಂಡು ಹೋಗಬಹುದು.

ಕೊರತೆ ಕಬ್ಬಿಣದ್ದೇ ಹೌದೇ ಎಂದು ತಿಳಿಯಲು ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ, ಬಿಸಿಲು ಇಳಿದ ಮೇಲೆ ಒಂದೇ ಒಂದು ಕೊಂಬೆಗೆ ಸಿಂಪಡಿಸಿ. ಒಂದೆರಡು ವಾರದಲ್ಲಿ ಆ ಕೊಂಬೆ ಹಸಿರಾಗಿ ಪಕ್ಕದ್ದು ಹಳದಿಯೇ ಉಳಿದರೆ ಉತ್ತರ ಸಿಕ್ಕಿತು. ಎರಡೂ ಹಳದಿಯೇ ಇದ್ದರೆ ಗಿಡವನ್ನು ಮಣ್ಣುಸಮೇತ ಕುಂಡದಿಂದ ಹೊರತೆಗೆದು ಬೇರು ನೋಡಿ. ಬೇರು ಕಪ್ಪಾಗಿ ಮೆತ್ತಗಾಗಿ ಕೊಳೆತ ವಾಸನೆ ಹೊಡೆಯುತ್ತಿದ್ದರೆ ನೀರು ನಿಂತು ಉಸಿರುಗಟ್ಟಿದೆ ಎಂದರ್ಥ. ಕೊಳೆತ ಬೇರು ಕತ್ತರಿಸಿ, ತಳಕ್ಕೆ ಇನ್ನೆರಡು ತೂತು ಕೊರೆದು, ಮೇಲುಮಣ್ಣು ಎರಡು ಬೆರಳಿನಷ್ಟು ಒಣಗುವ ತನಕ ನೀರು ಹಾಕಬೇಡಿ.